ಕಾಮಣ್ಣನ ಗುಡಿಸಲಿಗೆ ನುಗ್ಗಿದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗದಗಿನಲ್ಲಿ ಬಾಲವಾಡಿ ಶಿಕ್ಷಕಿಯರ ತರಬೇತಿಗೆ ಸೇರುತ್ತೇನೆಂದಾಗ ಮಗ್ಗದ ಮುಂದೆ ಕೂತಿದ್ದ ಅಪ್ಪ, "ಆ ಹುಡುಗ್ರ ಗತಿ ಏನವ್ವಾ?" ಎಂದು ನಕ್ಕಿದ್ದ.

ನಮಗೆ ಪಾಠ ಹೇಳುವ ಮೇಡಂ ಒಮ್ಮೆ ಕೇಳಿದರು: "ಊರು ಬಿಟ್ಟು ಓಡಿಬಂದ ಮಂದಿ ಮಕ್ಕಳು ನಿಮ್ಮ ಹತ್ರ ಬಂದ್ರ ಹೆಂಗ ಕಲಸ್ತೀರಿ?" ಎಲ್ಲರೂ "ಪ್ರೀತಿಯಿಂದ್ರಿ" ಎಂದೆವು. ಪರೀಕ್ಷೆಯಲ್ಲಿ ಬರೆಯುವ ಉತ್ತರವೂ ಅದೇ. ಎಲ್ಲರಿಗಿಂತ ಜೋರಾಗಿ ಹೇಳಿದವಳು ಲಕ್ಷ್ಮೇಶ್ವರದ ನನ್ನ ಗೆಳತಿ.

ಪಾಠ ಮಾಡಿ ಕಲಿಯಲೆಂದು ನಮ್ಮಿಬ್ಬರನ್ನು ಬೆಟಗೇರಿಯ ಅಂಚಿನ ಬಾಲವಾಡಿಗೆ ಹಾಕಿದರು. ಅಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು, ನಾಲ್ಕು ವರ್ಷದವಳು. ದೂರದ ಬೆಟ್ಟದ ಸೀಮೆಯಲ್ಲಿ ಜನ ಜನರ ಮೇಲೆಯೇ ಬಿದ್ದು ಕೇರಿಗೆ ಕೇರಿಯನ್ನೇ ಸುಟ್ಟಾಗ ಅವಳ ಅಪ್ಪ ಅವಳನ್ನು ಹೊತ್ತು ಓಡಿಬಂದು ಇಲ್ಲಿಯ ಹತ್ತಿ ಮಿಲ್ಲು ಸೇರಿದ್ದ. ತಾಯಿ ಬಂದಿರಲಿಲ್ಲ. ಹುಡುಗಿ ಮಾತಾಡುತ್ತಿರಲಿಲ್ಲ, ಗೆಳತಿಯ ದುಪಟ್ಟಾ ಹಿಡಿದು ತಿರುಗುತ್ತಿದ್ದಳು.

ಹೋಳಿ ಬಂತು. ನಮ್ಮ ಕಡೆ ಹೋಳಿ ಎಂದರೆ ಕಾಮಣ್ಣನನ್ನು ಸುಡಲೇಬೇಕು, ಬಾಯಿ ಬಡಿದುಕೊಳ್ಳಲೇಬೇಕು. ಹಬ್ಬದ ಪಾಠವೆಂದು ಅಂಗಳದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು ಕಟ್ಟಿ, ಒಳಗೆ ಕಾಗದದ ಕಾಮಣ್ಣ, ರತಿಯರನ್ನು ಕೂರಿಸಿದೆವು. ಗೆಳತಿ ಕಡ್ಡಿ ಗೀರಿದಳು. ಮಕ್ಕಳೆಲ್ಲ "ಲಬೋ ಲಬೋ" ಎಂದು ಬಾಯಿ ಬಡಿದುಕೊಂಡರು. ಉರಿ ಕಂಡರೆ ಆ ಹುಡುಗಿಗೆ ಏನಾದೀತೆಂದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತಲ್ಲ!

ಹುಡುಗಿ ಚೀರುತ್ತ ಉರಿಯೊಳಗೆ ನುಗ್ಗಿ ರತಿಯನ್ನು ಹೊರಗೆಳೆಯಲು ಎರಡೂ ಕೈ ಹಾಕಿದಳು. ಗೆಳತಿ ಗಾಬರಿಯಲ್ಲಿ ಅವಳ ಜುಟ್ಟು ಹಿಡಿದೆಳೆದು ಕಪಾಳಕ್ಕೆ ಬಾರಿಸಿದಳು. ಹುಡುಗಿ ಆ ಕೈಯನ್ನೇ ಕಚ್ಚಿ ಹಿಡಿದಳು, ರಕ್ತ ಸುರಿದರೂ ಬಿಡಲಿಲ್ಲ. ಬಿಡಿಸಲು ಹೋದ ನನ್ನ ಹಣೆಗೆ ಉರಿಯುವ ದಂಟಿನಿಂದ ಹೊಡೆದಳು. ನನ್ನ ಹುಬ್ಬು ಸುಟ್ಟ ವಾಸನೆ ನನಗೇ ಬಂತು.

ಓಣಿಯೆಲ್ಲ ನೆರೆಯಿತು. "ಇಂಥಾಕಿನ್ನ ನಮ್ಮ ಹುಡುಗ್ರ ಜೋಡಿ ಕುಂಡ್ರಸ್ತೀರೇನು? ಜಲ್ದಿ ಹೊರಗ ಹಾಕ್ರಿ!" ಮಿಲ್ಲಿನಿಂದ ಓಡಿಬಂದ ಅವಳ ಅಪ್ಪನನ್ನು ಒಬ್ಬ ಗೇಟಿಗೆ ಒತ್ತಿ ಹಿಡಿದು ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ಅವನು ಕೈ ಮುಗಿದೇ ನಿಂತಿದ್ದ. ನನ್ನ ತಲೆ ಕೆಟ್ಟಿತು. ಹೊಡೆದವನ ಅಂಗಿ ಹಿಡಿದು ಗುಂಡಿ ಕಿತ್ತುಬರುವಂತೆ ಜಗ್ಗಿದೆ. "ಬೆಂಕಿ ಹಚ್ಚಿದವ್ರು ನಾವು. ಬಾ, ನಮ್ಮನ್ನ ಹೊಡಿ!"

ಗೆಳತಿ ನನ್ನ ಕಡೆ ನಿಲ್ಲಲಿಲ್ಲ. ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳುತ್ತ, "ಅಕಿ ಇದ್ರ ನಾ ಬರಂಗಿಲ್ಲ ಲೇ. ನಾಳೆ ಯಾವುದಾರ ಕೂಸಿನ ಕಣ್ಣ ಹೋದ್ರ?" ಎಂದಳು. ಅವಳ ಅಂಜಿಕೆ ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬಾಲವಾಡಿ ನಡೆಸುವ ಅಕ್ಕೋರಿಗೂ ಅದೇ ಬೇಕಿತ್ತು. ನಾಳೆಯಿಂದ ಮಗಳನ್ನು ಕಳಿಸಬೇಡ ಎಂದು ಹುಡುಗಿಯ ಅಪ್ಪನಿಗೆ ಹೇಳಿಬಿಟ್ಟರು.

ಮರುದಿನ ಬೆಳಿಗ್ಗೆ ಅವನು ಮಗಳನ್ನು ಕರೆದುಕೊಂಡೇ ಬಂದ. ಅವನ ಮುಖ ಬಾತಿತ್ತು. ಹುಡುಗಿಯ ಸುಟ್ಟ ಕೈಗಳನ್ನು ಬೆನ್ನ ಹಿಂದೆ ಟವೆಲಿನಿಂದ ಬಿಗಿದು ಕಟ್ಟಿದ್ದ. ಮಿಲ್ಲಿನಲ್ಲಿ ಕಲಿತ ಕನ್ನಡದಲ್ಲಿ, "ಇನ್ನ ಅಕಿ ಹೊಡ್ಯಂಗಿಲ್ರಿ. ಇಟ್ಕೋರಿ" ಎಂದ.

ಗೆಳತಿ ಬಾಗಿಲಲ್ಲೇ ಮಂಡಿಯೂರಿ ಕೂತು, ಬಟ್ಟೆ ಸುತ್ತಿದ ಕೈಯಿಂದಲೇ ಗಂಟು ಬಿಚ್ಚತೊಡಗಿದಳು. ಅಳುತ್ತಿದ್ದಳು. ಟವೆಲು ಕೆಳಗೆ ಬಿತ್ತು. "ಬಾರವ್ವಾ, ಒಳಗ ಬಾ" ಎಂದಳು. ಹುಡುಗಿ ಬಂದು ಸಾಲಿನಲ್ಲಿ ಕೂತಳು, ಬಿಚ್ಚಿದ ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು.