ಹಳೆಯ ಅಕೌಂಟಿಗೆ ಗೀಟು ಎಳೆದ ಮೇಲೆ

ಔರಾದಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಕಂಪ್ಯೂಟರ್ ಟೀಚರ್ ಎಂದು ಗೊತ್ತಾದ ಕೂಡಲೇ ನನ್ನ ಫೋನ್ ಅವರ ಮುಂದೆ ಹಿಡಿದೆ. "ನೋಡ್ರಿ ಮೇಡಂ, ನನ್ನ ಗೆಳತಿ ಕಮಲಾ ಇದರಾಗ ಸಿಗವಲ್ಲಳ್ರಿ."

ಕಮಲಾ ಮತ್ತು ನಾನು ಬೀದರಿನಲ್ಲಿ ಕೂಡಿಯೇ ನರ್ಸಿಂಗ್ ಕಲಿತವರು. ದೂರಾಗಿ ಎಷ್ಟೋ ವರ್ಷಕ್ಕೆ ಮತ್ತೆ ಸಿಕ್ಕಿದ್ದು ಈ ಹೊಸ ನಮೂನೆಯ ಸೋಶಿಯಲ್ ನೆಟ್‌ವರ್ಕಿನಲ್ಲಿ. ಇದಕ್ಕೆ ಒಬ್ಬ ಮಾಲೀಕನಿಲ್ಲ. ಬೇರೆ ಬೇರೆ ಜನ ನಡೆಸುವ ಸರ್ವರುಗಳಿವೆ; ಒಂದರಲ್ಲಿದ್ದವರು ಇನ್ನೊಂದರಲ್ಲಿದ್ದವರ ಜೊತೆ ಮಾತಾಡಬಹುದು. ದಿನಾ ಮುಂಜಾನೆ ಆಕೆ ತನ್ನ ಚಹಾದ ಫೋಟೊ ಹಾಕುತ್ತಿದ್ದಳು. "ನನಗೂ ಒಂದು ಕಪ್" ಎಂದು ನಾನು ಬರೆಯುತ್ತಿದ್ದೆ.

ಹೋದ ತಿಂಗಳು ನಾನು ಸರ್ವರ್ ಬದಲಿಸಿದೆ. ಭಾಲ್ಕಿಯ ಚರ್ಚು ಬಿಟ್ಟು ಬೀದರಿನ ಚರ್ಚಿಗೆ ಸೇರುವಾಗ ಮೊದಲು ಅಲ್ಲಿಯ ರಿಜಿಸ್ಟರಿನಿಂದ ಹೆಸರು ತೆಗೆಸಿದ್ದೆ. ಅದೇ ರೂಢಿಯಲ್ಲಿ ಹಳೆಯ ಅಕೌಂಟನ್ನು ಮೊದಲು ಅಳಿಸಿ, ಆಮೇಲೆ ಹೊಸದು ತೆರೆದೆ.

"ಅಯ್ಯ, ಅಳಿಸೇ ಬಿಟ್ರೇನ್ರಿ?" ಟೀಚರ್ ಹಣೆ ಹಿಡಿದುಕೊಂಡರು. "ಹಳೇದರಾಗಿಂದ ಹೊಸಾ ವಿಳಾಸ ತೋರಿಸಬೇಕಿತ್ರಿ. ನಿಮ್ಮನ್ನ ಫಾಲೋ ಮಾಡೋರು ತಾವೇ ಹಿಂದ ಬರ್ತಿದ್ರು. ಹೋಗ್ಲಿ, ಅವರದು ಯಾವ ಸರ್ವರ್? ಹೆಸರಿನ ಜೋಡಿ ಅದೂ ಗೊತ್ತಿದ್ರ ಹುಡುಕಬಹುದು."

ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಕಮಲಾ ಅಂದ್ರ ಸಾಲದೇನ್ರಿ?"

"ಕಮಲಾ ಅನ್ನಾಕಿ ಒಬ್ಬಾಕೀನೇ ಇದ್ದಾಳೇನ್ರಿ?"

"ನನಗ ಒಬ್ಬಾಕೀನೇ ರೀ."

ಈಗ ಮುಂಜಾನೆ ನಾನೇ ಚಹಾದ ಫೋಟೊ ಹಾಕುತ್ತೇನೆ. ಭಾಲ್ಕಿಯ ಪಾದ್ರಿಗಳೇ ವಾಸಿ. ನನ್ನ ಹೆಸರಿಗೆ ಗೀಟು ಎಳೆದರೂ, ಪಕ್ಕದಲ್ಲಿ 'ಬೀದರಿಗೆ ಹೋದಳು' ಎಂದು ಬರೆದಿಟ್ಟಿದ್ದರು.