ಗೆದ್ದವರ ಖರ್ಚು

ಆ ದಿನವೂ ವಾದಿ ಮತ್ತು ಪ್ರತಿವಾದಿ ನಾಗನೂರದಿಂದ ಒಂದೇ ಬೈಕಿನಲ್ಲಿ ಗೋಕಾಕದ ಕೋರ್ಟಿಗೆ ಹೊರಟರು. ವಾದಿ ನನ್ನ ಗಂಡ. ಪ್ರತಿವಾದಿ ಅವರ ಜೊತೆ ಸಾಲಿ ಕಲಿತ ಗೆಳೆಯ. ಇಬ್ಬರದೂ ಒಂದೇ ಪಕ್ಷ. ಗೋಕಾಕ, ಮೂಡಲಗಿ ಎರಡೂ ತಾಲೂಕಿನ ಸದಸ್ಯರು ಒಂದು ಟಂಟಂ ಆಟೋದಲ್ಲಿ ಕೂತರೂ ಜಾಗ ಉಳಿಯುವಂಥ ಪಕ್ಷ. ಅದರ ಗೋಕಾಕ ಘಟಕಕ್ಕೆ ಮೇಲಿನವರು ಗೆಳೆಯನನ್ನು ಅಧ್ಯಕ್ಷ ಮಾಡಿದರು. ಅದು ಅನ್ಯಾಯವೆಂದು ನನ್ನ ಗಂಡ ದಾವೆ ಹಾಕಿದರು. ಗೋಕಾಕದ ವಕೀಲರೆಲ್ಲ ನಕ್ಕು ಕಳಿಸಿದ್ದಕ್ಕೆ ಹುಕ್ಕೇರಿಯಿಂದ ಒಬ್ಬರನ್ನು ಹಿಡಿದು ತಂದಿದ್ದರು.

ಪೆಟ್ರೋಲ್ ಇವರದು, ಗಿರಮಿಟ್ಟು-ಚಹಾ ಗೆಳೆಯನದು. ಅದು ಅವರ ಕರಾರು.

“ಸೋತ್ರ ನನ್ನ ಖರ್ಚೂ ನೀನ ಕೊಡಬೇಕಾಗ್ತೈತಿ ನೋಡಲೇ,” ಎಂದರು ಗೆಳೆಯ, ಹಿಂದಿನ ಸೀಟಿಗೆ ಹತ್ತುತ್ತ.

“ನಾ ಸತ್ರೂ ಒಂದ್ ಪೈಸಾ ಕೊಡೂದಿಲ್ಲ. ಇಕಿ ಕೊಟ್ರ ಎದ್ದ್ ಬಂದು ಬೈತೇನಿ,” ಎಂದು ನನ್ನತ್ತ ಕೈ ಮಾಡಿ ಇವರು ಕಿಕ್ ಹೊಡೆದರು.

ಅಂದು ವಾದ ಮುಗಿಯಿತು, ತೀರ್ಪಿಗೆ ದಿನ ಕೊಟ್ಟರು. ಮರುದಿನ ಎಮ್ಮೆಗೆ ನೀರು ಕುಡಿಸುತ್ತಿದ್ದ ಇವರು ಎದೆ ಹಿಡಿದುಕೊಂಡು ಕೂತರು. ಗೋಕಾಕದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ವಾದ ಮುಗಿದ ಮೇಲೆ ವಾದಿ ಸತ್ತರೂ ತೀರ್ಪು ನಿಲ್ಲುವುದಿಲ್ಲವಂತೆ. ಪಕ್ಷದ ಒಳಜಗಳ ಪಕ್ಷವೇ ಬಗೆಹರಿಸಿಕೊಳ್ಳಲಿ ಎಂದು ದಾವೆ ವಜಾ ಆಯಿತು, ಅದೂ ಖರ್ಚು ಸಹಿತ. ಅವರವರ ಖರ್ಚು ಅವರವರಿಗೆ ಎಂದು ಜಡ್ಜ್ ಸಾಹೇಬರು ಬರೆಯಬಹುದಿತ್ತು, ಬರೆಯಲಿಲ್ಲ. ಹಾಗಾಗಿ ಗೆದ್ದವರ ಖರ್ಚು ಸೋತವರ ತಲೆಗೆ. ಸೋತವರು ಸತ್ತಿದ್ದರೆ ಅವರು ಬಿಟ್ಟುಹೋದ ಆಸ್ತಿಯ ತಲೆಗೆ. ಇವರು ಬಿಟ್ಟುಹೋದದ್ದು ಒಂದು ಎಮ್ಮೆ, ಒಂದು ಬೈಕು. ಗೆಳೆಯನ ವಕೀಲರ ಫೀ ಲೆಕ್ಕಕ್ಕೆ ಬಂತು, ಅದೂ ವಕೀಲರು ತೆಗೆದುಕೊಂಡಷ್ಟಲ್ಲ, ನಿಯಮದಲ್ಲಿ ಇದ್ದಷ್ಟು. ಗಿರಮಿಟ್ಟಿಗೆ ನಿಯಮವಿಲ್ಲ.

ಗೆಳೆಯ ಬಂದು ಕಟ್ಟೆಯ ತುದಿಯಲ್ಲಿ ಕೂತರು. ಹಿಂದೆ ಹಾಗೆ ಕೂತವರಲ್ಲ, ನೇರ ಒಲೆಯ ತನಕ ಬರುತ್ತಿದ್ದವರು.

“ವೈನಿ, ನನಗೇನೂ ಬ್ಯಾಡ್ರಿ. ಖರ್ಚು ಬಿಟ್ಟೇನಿ ಅಂತ ಬರದು ಕೊಡ್ತೇನಿ.”

“ಬ್ಯಾಡ್ರಿ ಅಣ್ಣಾರ. ತಗೋರಿ.”

“ಅವಾ ಬೈತಾನ್ರಿ.”

“ಅದಕ್ಕ ಕೊಡಾಕತ್ತೇನ್ರಿ.”

ಡೈರಿಯಿಂದ ಬಂದ ಹಾಲಿನ ದುಡ್ಡು, ಅದಕ್ಕೆ ತಮ್ಮನ ಹತ್ತಿರ ಇಸಿದುಕೊಂಡದ್ದು ಸೇರಿಸಿ ಅವರ ಕೈಯಲ್ಲಿಟ್ಟೆ. ಅವರು ಎಣಿಸಲಿಲ್ಲ. ಇಬ್ಬರೂ ಬಾಗಿಲ ಕಡೆ ನೋಡಿದೆವು. ಅವರೂ ನೋಡಿದ್ದು ಕಂಡು ನನಗೆ ನಗು ಬಂತು. ಹಿತ್ತಲಲ್ಲಿ ಎಮ್ಮೆ ಕೆಮ್ಮಿತು.

ಬೈಕು ಅಂಗಳದಲ್ಲೇ ಇದೆ. ಬೈಯುವವರು ಇಲ್ಲ.