ವರ್ಣನೆಗೆ ಅಂಕವಿಲ್ಲ

ನಮ್ಮ ವಸಂತ್ ಕುಂಜ್ ಫ್ಲಾಟಿನ ಊಟದ ಮೇಜಿನ ಮೇಲೆ, ಮಿಡಿ ಉಪ್ಪಿನಕಾಯಿಯ ಭರಣಿಗೆ ಒರಗಿಕೊಂಡು, ಕಳೆದ ಚಳಿಗಾಲವಿಡೀ ರಸ್ತೆ ಸಂಕೇತಗಳ ತೆಳು ಪುಸ್ತಕವೊಂದು ನಿಂತಿತ್ತು. ಜೀವಮಾನವೆಲ್ಲ ಪರರಿಗೆ ಪ್ರಶ್ನೆಪತ್ರಿಕೆ ತಯಾರಿಸಿ, ಅವರ ಕಂಗಾಲು ಮುಖಗಳನ್ನು ಸಾತ್ವಿಕ ಗಾಂಭೀರ್ಯದಿಂದ ಅವಲೋಕಿಸಿದ ಇತಿಹಾಸದ ಮೇಷ್ಟರೊಬ್ಬ, ನಿವೃತ್ತಿಯ ಅಂಚಿನಲ್ಲಿ ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಗೆ ಕೂರಬೇಕಾಗಿ ಬಂದರೆ, ಮಿತ್ರರೇ, ಅದನ್ನು ನೀವು ಕರ್ಮಸಿದ್ಧಾಂತಕ್ಕೆ ಸಾಕ್ಷ್ಯವೆಂದು ತೆಗೆದುಕೊಳ್ಳಬಹುದು, ನನ್ನದೇನೂ ಅಭ್ಯಂತರವಿಲ್ಲ.

ಮದುವೆಯಾದಂದಿನಿಂದ ನಮ್ಮ ಸಂಸಾರದಲ್ಲಿ ಸಾರಥ್ಯ ನನ್ನ ಹೆಂಡತಿ ವಿಜಯಾಳದು. ಕಾರಿನಲ್ಲಿ ಎಡಗಡೆ ಕುಳಿತು ಚೀಲ ಹಿಡಿದುಕೊಳ್ಳುವ, ಯಾರೂ ಕೇಳದ ಅಭಿಪ್ರಾಯ ಕೊಡುವ ಖಾತೆ ನನ್ನದು. ದೀಪಾವಳಿಯ ಹೊತ್ತಿಗೆ ಅವಳ ಎರಡೂ ಕಣ್ಣುಗಳ ನಡುಭಾಗ ಮಸುಕಾಯಿತು. ಹೋದದ್ದು ಮರಳಿ ಬರುವುದಿಲ್ಲ ಎಂದರು ವೈದ್ಯರು. ಸಂತಾಪ ಸೂಚಿಸಲು ಬಂದ ಕೆಳಮನೆಯ ಖನ್ನಾಜಿ, ಜೊತೆಗೆ ಕಾರಿಗೊಂದು ಬೆಲೆಯನ್ನೂ ಸೂಚಿಸಿದರು. "ಇವರು ಪಾಸಾದರೆ ಕಾರು ನಮ್ಮದು, ಇಲ್ಲದಿದ್ದರೆ ನಿಮ್ಮದು," ಎಂದಳು ವಿಜಯಾ. ಡ್ರೈವರನ್ನು ಇಟ್ಟುಕೊಳ್ಳಬಹುದಲ್ಲ ಎಂದೆ. "ನಾನು ಬೈದರೆ ಡ್ರೈವರ್ ಭಯ್ಯಾ ಬಿಟ್ಟು ಹೋಗ್ತಾನೆ. ನೀವು ಎಲ್ಲಿಗೆ ಹೋಗ್ತೀರಿ?"

ಹೀಗೆ ನನ್ನ ವಿದ್ಯಾಭ್ಯಾಸ ಆರಂಭವಾಯಿತು. ಚಿತ್ರ ಅವಳಿಗೆ ಕಾಣದು; ಆದ್ದರಿಂದ ನಾನು ವರ್ಣಿಸಬೇಕು.

"ಕೆಂಪು ವೃತ್ತ. ಒಳಗೆ ಮದುವೆಮನೆಯ ಕಹಳೆಯಂಥದ್ದು. ಅದರ ಮೇಲೊಂದು ಅಡ್ಡಗೆರೆ."

"ಹಾರ್ನ್ ಹೊಡೀಬಾರದು. ಮುಂದೆ."

"ತ್ರಿಕೋನ. ಒಂದು ಕಾರು, ಅದರ ಹಿಂದೆ ಜೋಡಿ ಸರ್ಪ ಹರಿದ ಜಾಡು..."

"ಜಾರೋ ರಸ್ತೆ. ಸರ್ಪ ಸಾಕು, ಬೇಗ ಹೇಳಿ ರೀ!"

ನಿಮ್ಮಲ್ಲಿ ಹೇಳಿಕೊಳ್ಳಲು ಸಂಕೋಚವೇಕೆ, ನನ್ನ ವರ್ಣನಾಶಕ್ತಿ ಆ ತಿಂಗಳುಗಳಲ್ಲಿ ಪುಷ್ಪಿಸಿತು. ಕಾಣುವವನು ನಾನು, ತಿಳಿದವಳು ಅವಳು. ಇಬ್ಬರೂ ಸೇರಿ ಒಬ್ಬ ನಿರ್ದುಷ್ಟ ಚಾಲಕ ಸಿದ್ಧನಾದ. ಸರ್ಕಾರ ಮಾತ್ರ ಲೈಸೆನ್ಸನ್ನು ತಲೆಗೊಂದರಂತೆ ಕೊಡುತ್ತದೆ.

ಪರೀಕ್ಷೆಯ ದಿನ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಹೋದೆ. ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಚಿತ್ರ ಮೂಡಿತು. "ತ್ರಿಕೋನ, ಒಳಗೆ ಅಡ್ಡಪಟ್ಟಿಗಳ ಬೇಲಿ," ಎಂದು ಹೇಳಿ ಕಾದೆ. ಉತ್ತರ ಬರಲಿಲ್ಲ. "ಅಂಕಲ್‌ಜೀ, ಮನಸ್ಸಲ್ಲೇ ಓದಿಕೊಳ್ಳಿ," ಎಂದು ಗುಮಾಸ್ತ ಹಿಂದಿಯಲ್ಲಿ ಗದರಿದ. ಮನಸ್ಸಿನಲ್ಲೇ ವರ್ಣಿಸಿದೆ. ಆಗಲೂ ಕಾದೆ. ಅಷ್ಟರಲ್ಲಿ ಕಾಲಾವಕಾಶ ಮುಗಿದು, ಇನ್ನೊಂದು ಚಿತ್ರ ಬಂದು, ನನ್ನ ಮೌನವನ್ನು ನೋಡಿ, ಅದೂ ಹೊರಟುಹೋಯಿತು. ನನ್ನೊಳಗೆ ಚಿತ್ರಗಳಿದ್ದವು, ಅರ್ಥಗಳೆಲ್ಲ ಹೊರಗಿನ ಬೆಂಚಿನ ಮೇಲೆ, ಶಾಲು ಹೊದ್ದು ಕುಳಿತಿದ್ದವು. ಮಗಳ ಜ್ವರವಿರಲಿ, ನೆಂಟರ ಮುನಿಸಿರಲಿ, ನಾನು ಬಣ್ಣಿಸಿದ್ದೇನೆ; ಅದು ಏನೆಂದು ತಿಳಿದು, ಎದ್ದು, ಮಾಡಬೇಕಾದ್ದನ್ನು ಮಾಡಿದವಳು ಅವಳು. ಇದು ಹೊಳೆಯಲು ಸಾರಿಗೆ ಇಲಾಖೆಯ ಕುರ್ಚಿಯೇ ಬೇಕಾಯಿತು.

"ಏನಾಯ್ತು ರೀ?"

"ಫೇಲು."

"ಏನು ಕೇಳಿದ್ರು?"

ತ್ರಿಕೋನ, ಬೇಲಿ ಎಂದೆ.

"ಮುಂದೆ ರೈಲ್ವೆ ಗೇಟಿದೆ ಅಂತ," ಎಂದಳು ತಕ್ಷಣ. ನಕ್ಕಳು, ನಗುವನ್ನು ಅರ್ಧಕ್ಕೇ ನಿಲ್ಲಿಸಿದಳು.

"ಮತ್ತೆ ಬರೀಬಹುದಂತೆ."

"ಬರೀಬಹುದು. ರಸ್ತೇಲೂ ಹೀಗೇ ನನ್ನ ಉತ್ತರಕ್ಕೆ ಕಾದರೆ?"

ನಾನು ಕೈಬೀಸಿ ಆಟೋ ನಿಲ್ಲಿಸಿದೆ.

ಆಟೋದಲ್ಲಿ ಅವಳು ಮನೆಯ ಬೀಗದ ಕೈಗಳ ಗೊಂಚಲನ್ನು ಮಡಿಲಲ್ಲಿಟ್ಟು, ಬೆರಳಿನಿಂದಲೇ ತಡವಿ ಕಾರಿನದನ್ನು ಹುಡುಕಿ, ಕೀರಿಂಗಿನಿಂದ ಬಿಡಿಸತೊಡಗಿದಳು. ಉಗುರು ಮುರಿಯಿತು. ನಾನು ಕೈ ಚಾಚಿದರೆ ಸರಿಸಿದಳು. "ಖನ್ನಾಜಿಗೆ ನಾನೇ ಕೊಡ್ತೀನಿ. ನೀವು ಮೆಟ್ಟಿಲು ಬಂದಾಗ ಹೇಳಿ, ಸಾಕು."

ಸಂಜೆ ಕೆಳಮನೆಗೆ ಹೊರಟೆವು. ಅವಳ ಒಂದು ಕೈ ನನ್ನ ತೋಳಿನಲ್ಲಿ, ಇನ್ನೊಂದರಲ್ಲಿ ಬೀಗದ ಕೈ.

"ಮೆಟ್ಟಿಲು," ಎಂದೆ.